ಕಳಚಿಡಲಾಗದ ಮೈ

ನಮ್ಮ ಕಡೆಯ ಜಾತ್ರೆಯೊಂದರ ಆಚರಣೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಮೊದಲ ಅಧ್ಯಾಯ ತಗೊಂಡು ಹೋದಾಗ ಮಾರ್ಗದರ್ಶಕರು ಒಂದೇ ಪದವನ್ನು ಹನ್ನೆರಡು ಕಡೆ ಹೊಡೆದುಹಾಕಿದ್ದರು: ‘ನಾನು’. “ವಸ್ತುನಿಷ್ಠವಾಗಿ ಬರೀಬೇಕಮ್ಮ. ನೀನು ಯಾರು ಅನ್ನೋದು ಇಲ್ಲಿ ಮುಖ್ಯ ಅಲ್ಲ” ಅಂದರು. ನಗು ಬಂತು. ಜಾತ್ರೆಯ ಊರಲ್ಲಿ ಹೆಸರು ಕೇಳುವ ಮೊದಲೇ “ಯಾವ ಜನ?” ಅಂತ ಕೇಳಿ, ಜಗುಲಿಯ ಕೆಳಗೆ ಕೂರಿಸಿ ಮಾತಾಡಿದ್ದರು. ಅದನ್ನು ಬರೆದದ್ದೇ ತಪ್ಪಾಗಿತ್ತು.

ಆ ಸಿಟ್ಟಿನಲ್ಲಿ ಓದುತ್ತಿದ್ದಾಗ ಬಾರ್ಬರಾ ಮೈಯರ್‌ಹಾಫ್ ಸಿಕ್ಕಿದಳು. ಅಮೆರಿಕದ ಯಹೂದಿ ಹೆಂಗಸು, ಮಾನವಶಾಸ್ತ್ರಜ್ಞೆ. ಮೆಕ್ಸಿಕೋದ ಹ್ವಿಚೋಲ್ ಆದಿವಾಸಿಗಳ ಯಾತ್ರೆಯ ಮೇಲೆ ಅವಳು ಬರೆದ ಪುಸ್ತಕ 1974ರಲ್ಲಿ ಬಂದಿತ್ತು. ಆಮೇಲೆ ಲಾಸ್ ಏಂಜಲೀಸಿನಲ್ಲಿ ಮುಪ್ಪಿನ ಬಗ್ಗೆ ಅಧ್ಯಯನಕ್ಕೆ ಹೊರಟರೆ ಬೇರೆ ಜನಾಂಗದವರು ಕೇಳಿದರಂತೆ: ನಾವೇ ಯಾಕೆ, ನಿಮ್ಮವರನ್ನ ನೋಡಬಾರದಾ? (ಕೇರಿಗೆ ಕ್ಯಾಮೆರಾ ಹಿಡಕೊಂಡು ಬರೋರನ್ನ ನಾವೂ ಕೇಳಬೇಕಿತ್ತು.) ಅವಳು ವೆನಿಸ್ ಕಡಲತೀರದ ಯಹೂದಿ ವೃದ್ಧರ ಕೇಂದ್ರಕ್ಕೆ ಹೋದಳು. ಪೂರ್ವ ಯುರೋಪಿನಿಂದ ಬಂದು ದುಡಿದು ಸವೆದ ಜನ. ಅವರ ಮೈ ಹೇಗಿರುತ್ತೆ ಅಂತ ತಿಳಿಯೋಕೆ ತೋಟದ ಗಡುಸು ಕೈಗವಸು ತೊಟ್ಟು ಕೆಲಸ ಮಾಡಿದಳು, ಕನ್ನಡಕ ತೆಗೆದಿಟ್ಟಳು, ಕಿವಿ ಮುಚ್ಚಿಕೊಂಡಳು, ಭಾರದ ಬೂಟು ಹಾಕಿಕೊಂಡಳು. ಸಂಜೆ ಕಳಚಿಟ್ಟು ಮನೆಗೆ ಹೋಗಬಹುದಾದ ಮುಪ್ಪು. ನನಗೆ ಹೊಟ್ಟೆಕಿಚ್ಚಾಯಿತು.

ಆದರೆ 1978ರ ಆ ಪುಸ್ತಕದಲ್ಲೇ ಅವಳು ಒಪ್ಪಿಕೊಳ್ಳುತ್ತಾಳೆ: ತಾನು ಎಂದೂ ಹ್ವಿಚೋಲ್ ಆಗಲಾರೆ, ಯಹೂದಿ ಮುದುಕಿ ಒಂದು ದಿನ ಆಗಿಯೇ ಆಗುತ್ತೇನೆ ಅಂತ.

ಆಗಲಿಲ್ಲ. ಫೇರ್‌ಫ್ಯಾಕ್ಸ್ ಬಡಾವಣೆಯ ಸಂಪ್ರದಾಯಸ್ಥ ಯಹೂದಿಗಳ ನಡುವೆ ಕೆಲಸ ಮಾಡುವಾಗ ಶ್ವಾಸಕೋಶದ ಕ್ಯಾನ್ಸರ್ ಹಿಡಿಯಿತು. ಅವಳೇನು ಮಡಿವಂತಳಲ್ಲ. ಆದರೂ ನೋಡಿ ಬರೆದುಕೊಳ್ಳಬೇಕಿದ್ದ ಆಚರಣೆಗಳಿಗೆ ತನ್ನ ಮೈಯನ್ನೇ ಒಡ್ಡಿದಳು. ರೋಗಿಗೆ ಬೇರೆ ಹೆಸರಿಡುತ್ತಾರೆ, ಸಾವಿಗೆ ಗುರುತು ಸಿಗದಿರಲಿ ಅಂತ. ಧರ್ಮದ ಪ್ರಕಾರ ವಿಚ್ಛೇದನ ಪಡೆದಳು. ಅದರಲ್ಲಿ ಪತ್ರ ಕೊಡುವವನು ಗಂಡ, ಹೆಣ್ಣು ಬರೀ ಕೈಯೊಡ್ಡಬೇಕು. ಇಲ್ಲಿ ಅವಳ ಮೇಲೂ ಕೋಪ ಬಂತು ನನಗೆ. ಆಮೇಲೆ ಮಿಕ್ವೆ. ಮುಟ್ಟು ಕಳೆದ ಹೆಂಗಸರು ಮುಳುಗುವ ಕೊಳ ಅದು. ಉಂಗುರ, ಉಗುರಿನ ಬಣ್ಣ ಏನೂ ಇರಕೂಡದು. ನೀರಿಗೂ ಮೈಗೂ ನಡುವೆ ಒಂದು ಎಳೆಯೂ ಅಡ್ಡ ಬರಬಾರದು. ತಲೆಗೂದಲೂ ಮುಳುಗಬೇಕು. ಅಲ್ಲಿ ನೋಟ್‌ಬುಕ್ಕಿಗೆ ಜಾಗ ಎಲ್ಲಿ?

1985ರ ಜನವರಿಯಲ್ಲಿ ತೀರಿಕೊಂಡಳು. 49 ವರ್ಷ. ಲಿನ್ ಲಿಟ್‌ಮನ್ ಇದನ್ನೆಲ್ಲ ಸಾಕ್ಷ್ಯಚಿತ್ರ ಮಾಡಿದಳು. ಅದು ಬಂದದ್ದು ಸತ್ತ ಮೇಲೆ.

ಹಬ್ಬಕ್ಕೆ ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ಪಾಪ ಅಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು:

“ಆ ನೀರಿಗೆ ಅವರ ಜನದೋರು ಎಲ್ಲಾರೂ ಇಳೀಬೋದಾ?”

“ಇಳೀಬೋದು ಕಣವ್ವ.”

“ಬಡವರೂವೆ?”

“ಬಡವರೂ.”

ಅವ್ವ ಒಲೆ ಕಡೆ ತಿರುಗಿದಳು.

ಎರಡನೇ ಅಧ್ಯಾಯ ಮುಗಿದಿದೆ. ‘ನಾನು’ ಹಾಗೇ ಬಿಟ್ಟಿದ್ದೇನೆ. ಸೋಮವಾರ ಕೊಡಬೇಕು.