ನೂರಮೂವತ್ತು ಮೀಟರ್ ಖೋತಾ

ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಕ್ಯಾಶ್ ಎಣಿಸಿ ಬಂದವನಿಗೆ ಲೆಕ್ಕ ಕೂಡದಿದ್ದರೆ ಊಟ ಸೇರುವುದಿಲ್ಲ. ಐದು ರೂಪಾಯಿ ಕಮ್ಮಿ ಬಿತ್ತೆಂದು ರಾತ್ರಿ ಒಂಬತ್ತರವರೆಗೆ ಲೆಡ್ಜರ್ ತಿರುವಿದ್ದೂ ಉಂಟು. ಅಂಥವನ ಕೈಗೆ, ನಿವೃತ್ತಿಯ ಉಡುಗೊರೆ ಎಂದು, ಮಗಳು ಓಟ ಅಳೆಯುವ ವಾಚು ಕಟ್ಟಿದಳು.

ಮಂಗಳೂರಿನ ಬಿಜೈಯಿಂದ ಕದ್ರಿಗೆ ಹೋಗಿ ಬರುವ ನನ್ನ ಬೆಳಗಿನ ದಾರಿ ಸರಿಯಾಗಿ ಐದು ಕಿಲೋಮೀಟರ್. ಹಳೇ ಸ್ಕೂಟರಿನ ಮೀಟರ್ ಸಾಕ್ಷಿ. ವಾಚು ಮೊದಲ ದಿನ 4.87 ಎಂದಿತು. ಮರುದಿನ 5.12. ರಸ್ತೆ ಅದೇ, ಕಾಲೂ ಅದೇ. ಮೊದಲ ದಿನ ಜೊತೆಗೇ ಓಡಿದ ಶೆಟ್ರ ವಾಚಿನಲ್ಲಿ 5.06. ಬೊಂಡದ ಗಾಡಿ ಎದುರು ಇಬ್ಬರೂ ಮಣಿಕಟ್ಟು ಜೋಡಿಸಿ ನಿಂತೆವು.

"ನೀವು ನನ್ನ ಹಿಂದೆಯೇ ಇದ್ದದ್ದಲ್ವಾ ಮಾರಾಯ್ರೆ?"

"ಇದ್ದದ್ದು ಹೌದು. ಆದ್ರೆ ನಾನು ಜಾಸ್ತಿ ಓಡಿದ್ದು," ಎಂದರು ಶೆಟ್ರು, ಗಂಜಿ ಕೆರೆದು ಬಾಯಿಗಿಡುತ್ತ.

ಆಡಿಟ್ ಮಾಡಿಸಿಯೇ ಬಿಡೋಣವೆಂದು ಮಂಗಳಾ ಕ್ರೀಡಾಂಗಣಕ್ಕೆ ಹೋದೆ. ಟ್ರ್ಯಾಕಿಗೆ 400 ಮೀಟರ್. ಹನ್ನೆರಡೂವರೆ ಸುತ್ತು ಹೊಡೆದರೆ ಐದು ಕಿಲೋಮೀಟರ್ ಆಗಲೇಬೇಕು. ವಾಚು 5.2 ತೋರಿಸಿತು. ಸಿಕ್ಕಿಬಿದ್ದೆಯಾ ಎಂದುಕೊಂಡೆ. ಆಮೇಲೆ ಗೊತ್ತಾಯಿತು, 400 ಮೀಟರ್ ಎಂಬುದು ಒಳಗಿನ ಲೇನಿಗೆ ಮಾತ್ರ. ಹೊರಗೆ ಸರಿದ ಪ್ರತಿ ಲೇನಿಗೂ ಸುತ್ತಿಗೆ ಸುಮಾರು ಏಳೂವರೆ ಮೀಟರ್ ಹೆಚ್ಚು. ಹುಡುಗರಿಗೆ ದಾರಿ ಬಿಟ್ಟು ಮೂರು, ನಾಲ್ಕನೇ ಲೇನಿನಲ್ಲಿ ಏದುಸಿರು ಬಿಟ್ಟವನು ನಾನೇ. ಆಡಿಟರನ ಲೆಕ್ಕವೇ ತಪ್ಪಿತ್ತು.

ಬೆಂಗಳೂರಿನಿಂದ ಮಗಳು ಫೋನಿನಲ್ಲಿ ಪಾಠ ಮಾಡಿದಳು. 20,000 ಕಿಲೋಮೀಟರಿಗೂ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯ ಹೇಳಿ ಕಳಿಸುತ್ತವಂತೆ. ಅದು ಬಂದು ಮುಟ್ಟಲು ಹಿಡಿದ ಹೊತ್ತಿನಿಂದ ವಾಚು ದೂರ ಲೆಕ್ಕ ಹಾಕುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ 300 ಮೀಟರ್ ಆಚೀಚೆ. ಪಣಂಬೂರಿನ ಕಡಲ ಬದಿಯಲ್ಲಿ ಓಡಿದರೆ ತಕರಾರಿಲ್ಲ. ಬಿಜೈಯಲ್ಲಿ ಸಿಗ್ನಲ್ ನೆಟ್ಟಗೆ ಬರುವುದೆಲ್ಲಿಂದ? ಎತ್ತರದ ಗೋಡೆಗಳಿಗೆ ಬಡಿದು ತಡವಾಗಿ ಬರುತ್ತದೆ, ಬೇರೆ ಶಾಖೆ ಸುತ್ತಿ ಬಂದ ಚೆಕ್ಕಿನ ಹಾಗೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಊರು ಇದು. ನನ್ನ ಬಾಲ್ಯದಲ್ಲಿ ನಮ್ಮ ಬೀದಿಯ ಯಾವ ಮನೆಯೂ ತನ್ನ ತೆಂಗಿನ ಮರಕ್ಕಿಂತ ಎತ್ತರ ಇರಲಿಲ್ಲ. ಆಕಾಶ ಧಾರಾಳವಾಗಿತ್ತು, ವಾಚು ಇರಲಿಲ್ಲ.

ಈ ಕರಾವಳಿಯ ಲೆಕ್ಕದಲ್ಲಿ ಖೋತಾ ಬಿದ್ದದ್ದು ಇದೇ ಮೊದಲೂ ಅಲ್ಲ. 1802ರಲ್ಲಿ ಮದ್ರಾಸಿನಲ್ಲಿ ಅಳತೆ ಶುರು ಮಾಡಿದ ವಿಲಿಯಂ ಲ್ಯಾಂಬ್ಟನ್, ಅರ್ಧ ಟನ್ ತೂಕದ ಥಿಯೋಡೊಲೈಟ್ ಹೊರಿಸಿಕೊಂಡು, ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನ ಹೆಣೆಯುತ್ತ ಮಂಗಳೂರಿನ ಕಡಲತನಕ ಅಳೆಸಿದಾಗ, ನಕ್ಷೆಯಲ್ಲಿ 400 ಮೈಲಿ ಇದ್ದ ನಾಡಿನ ಅಗಲ 360ಕ್ಕೆ ಇಳಿಯಿತು. ನಲವತ್ತು ಮೈಲಿ! ಅಷ್ಟು ಖೋತಾ ತೋರಿಸಿದವನನ್ನು ಯಾರೂ ಸಸ್ಪೆಂಡ್ ಮಾಡಲಿಲ್ಲ.

ಮೊನ್ನೆ ಆ 4.87ರ ದಿನದ ನಕ್ಷೆಯನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆ. ತಿರುವಿನ ಹತ್ತಿರ ನನ್ನ ಕೆಂಪು ಗೆರೆ ರಸ್ತೆ ಬಿಟ್ಟು, ಕಾಂಪೌಂಡ್ ಗೋಡೆ ಹಾದು, ಒಂದು ಅಪಾರ್ಟ್‌ಮೆಂಟಿನ ಒಳಹೊಕ್ಕು ಹಿಂದಿನಿಂದ ಹೊರಬಿದ್ದಿತ್ತು. ಶೂ ದಾರ ಕಟ್ಟಲು ಗೇಟಿನ ಬಳಿ ನಿಂತರೂ ವಾಚ್‌ಮನ್ ಎದ್ದು ಬರುವ ಜಾಗ ಅದು. ಮೊದಲು ಅಲ್ಲಿ ಬಾಯಮ್ಮನ ಹೆಂಚಿನ ಮನೆ. ಬೆಲ್ಲಿಗೆ ಎರಡೇ ನಿಮಿಷ ಇದ್ದರೆ ನಾವು ಅವರ ಅಂಗಳಕ್ಕೆ ನುಗ್ಗುತ್ತಿದ್ದೆವು. ಬಾವಿಕಟ್ಟೆ ಬಳಸಿ, ಬಟ್ಟೆಯ ಹಗ್ಗಕ್ಕೆ ತಲೆ ತಗ್ಗಿಸಿ, ನಾಯಿ ಎದ್ದೇಳುವ ಮೊದಲು ಹಿಂದಿನ ತಡಮೆ ದಾಟಬೇಕು. ಜಗಲಿಯಿಂದ ಬಾಯಮ್ಮ, "ಮಲ್ಲಿಗೆ ಗಿಡ ತುಳಿದ್ರೆ ಕಾಲು ಮುರಿತೇನೆ!" ಎಂದು ಕೂಗುವಾಗ ನಾವು ಆಗಲೇ ಶಾಲೆಯ ಗೇಟಿನಲ್ಲಿ.

ಗೆರೆ, ಬಾವಿ ಇದ್ದಲ್ಲಿ ಒಂಚೂರು ಬಾಗಿ ಹೋಗಿತ್ತು.

"ಅದನ್ನು ಸರಿ ಮಾಡ್ಬಹುದು ಅಪ್ಪ, ಅಲ್ಲೇ ಒತ್ತಿ," ಎಂದಳು ಮಗಳು. ಕನ್ನಡಕ ಸಿಗುವುದಿಲ್ಲ ಎಂದೆ.

ಮರುದಿನ ಶೆಟ್ರು ಬೊಂಡದ ಗಾಡಿ ಹತ್ತಿರ ಮತ್ತೆ ತೆಗೆದರು: "ಅವತ್ತಿನ ಆ ನೂರಮೂವತ್ತು ಮೀಟರ್ ಎಲ್ಲಿಗೆ ಹೋಯ್ತು, ಗೊತ್ತಾಯ್ತಾ?"

"ಗೊತ್ತಾಯ್ತು," ಎಂದೆ. "ನಾನು ಒಳದಾರಿಯಲ್ಲಿ ಬಂದದ್ದು."