ಮುಚ್ಚಳದ ಮೇಲಿನ ಕೋಣ

ನಮ್ಮ ಭಾವಮೈದುನ ಕೈರೋದಿಂದ ಒಂದು ಹಿತ್ತಾಳೆಯ ಭರಣಿ ತಂದುಕೊಟ್ಟ. ಮುಚ್ಚಳವೆಂದರೆ ಕಿವಿ ನಿಮಿರಿಸಿದ ನರಿಯ ತಲೆ; ಬಲು ಠೀವಿ. ಏಲಕ್ಕಿ ತುಂಬಿ ನಡುಮನೆಯಲ್ಲಿಟ್ಟೆವು. ಎಂಟು ದಿನದ ಮೇಲೆ ಪುಸ್ತಕವೊಂದನ್ನು ತಿರುವುವಾಗ ಗುಟ್ಟು ಬಯಲಾಯಿತು. ಪುರಾತನ ಈಜಿಪ್ಟಿನವರು ಹೆಣವನ್ನು ಕೆಡದಂತೆ ಕಾಪಿಡುವಾಗ ಒಳಗಿನ ಅಂಗಗಳನ್ನು ತೆಗೆದು ನಾಲ್ಕು ಭರಣಿಗಳಲ್ಲಿಡುತ್ತಿದ್ದರಂತೆ. ಮನುಷ್ಯ, ಕೋತಿ, ನರಿ, ಗಿಡುಗ: ಕಾಲಕ್ರಮದಲ್ಲಿ ಹೋರಸ್ ದೇವನ ನಾಲ್ವರು ಮಕ್ಕಳ ಈ ತಲೆಗಳೇ ಮುಚ್ಚಳಗಳಾದವು. ನರಿಯ ಪಾಲಿಗೆ ಜಠರದ ಕಾವಲು. ಅವು ಹೆಚ್ಚಾಗಿ ಕಲ್ಲಿನವು. ಹಿತ್ತಾಳೆಯೆಂಬುದು ಈಗಿನ ಅಂಗಡಿಯವರ ಕೈಚಳಕ.

ತಾಯಿಯವರಿಗೆ ತಿಳಿದದ್ದೇ ತಡ, “ಸೂತಕದ ಪಾತ್ರೆ ಮನೆಯೊಳಗೆ ಬೇಡ” ಎಂದರು. ತಂದೆಯವರು ತೀರಿಕೊಂಡು ವರ್ಷ ತುಂಬಿರಲಿಲ್ಲ. ನಾವು ಎದುರಾಡದೆ ಭರಣಿಯನ್ನು ಬಾಲ್ಕನಿಗೆ ಸಾಗಿಸಿದೆವು.

ಮುಂದಿನ ಭಾನುವಾರ ಅವರನ್ನು ಕರೆದುಕೊಂಡು ಚೆನ್ನೈನ ಎಳುಂಬೂರಿನಲ್ಲಿ ರೈಲಿಳಿದು ಪ್ಯಾಂಥಿಯನ್ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆವು. 1851ರಷ್ಟು ಹಳೆಯ ಸಂಸ್ಥೆ. ಬಂದವರೆಲ್ಲ ನಟರಾಜನ ಕಡೆಗೆ ಧಾವಿಸುತ್ತಾರೆ. ನಮಗೆ ಬೇಕಾದದ್ದು ಆದಿಚ್ಚನಲ್ಲೂರಿನ ಸಾಮಾನು. ತಿರುನೆಲ್ವೇಲಿಯ ಆಚೆ, ತಾಮ್ರಪರ್ಣಿಯ ದಡದ ಆ ದಿಬ್ಬದಲ್ಲಿ ಹಿಂದಿನವರು ಸತ್ತವರನ್ನು ಮಣ್ಣಿನ ದೊಡ್ಡ ಗುಡಾಣಗಳಲ್ಲಿಟ್ಟು ಹೂಳುತ್ತಿದ್ದರು. 1876ರಲ್ಲಿ ಜರ್ಮನಿಯ ಯಾಗೋರ್ ಅಗೆದು, ಸಿಕ್ಕಿದ್ದನ್ನು ಬರ್ಲಿನ್ನಿಗೆ ಒಯ್ದರು. 1899ರಿಂದ ಕೆಲವು ವರ್ಷ ಅಲೆಕ್ಸಾಂಡರ್ ರೀ ಅಗೆಸಿದ್ದರಿಂದ ಮದರಾಸಿಗೂ ಪಾಲು ದಕ್ಕಿತು. 2004ರಲ್ಲಿ ಮತ್ತೆ ಅಗೆದಾಗಲೂ 150ಕ್ಕೆ ಮಿಕ್ಕಿ ಗುಡಾಣಗಳು ಸಿಕ್ಕವು.

ಇಲ್ಲಿನ ಕಂಚಿನ ಪಾತ್ರೆಗಳ ಮುಚ್ಚಳದ ಮೇಲೂ ಪ್ರಾಣಿಗಳೇ! ಕೋಣ, ಹುಂಜ, ಹೀಗೆ ಹಿತ್ತಲಲ್ಲಿ ಓಡಾಡುವವು. ಈಜಿಪ್ಟಿಗೂ ಇವಕ್ಕೂ ನಂಟು ಕಲ್ಪಿಸುವುದು ದುಡುಕಾದೀತು. ಇವು ಅಂಗಗಳನ್ನಿಡಲು ಮಾಡಿದವಲ್ಲ, ಸತ್ತವರ ಜೊತೆಗೆ ಇಟ್ಟುಕೊಟ್ಟ ಪಾತ್ರೆಗಳು. ಚಿನ್ನದ ಹಣೆಪಟ್ಟಿ, ಕಬ್ಬಿಣದ ಆಯುಧ, ಭತ್ತದ ಹೊಟ್ಟು ಕೂಡ ಆ ದಿಬ್ಬದಲ್ಲಿ ಸಿಕ್ಕಿವೆ.

“ಯಮನ ಕೋಣವಿರಬೇಕು” ಎಂದೆವು, ಬುದ್ಧಿವಂತರ ಹಾಗೆ.

“ಯಮನದೇಕೆ? ಅವರ ಕೊಟ್ಟಿಗೆಯದು” ಎಂದರು ತಾಯಿಯವರು. ಆ ಗಾಜಿನ ಮುಂದೆ ಬಹಳ ಹೊತ್ತು ನಿಂತರು. “ಇವರು ಪಾತ್ರೆಯನ್ನು ಅವನ ಸಂಗಡವೇ ಕಳಿಸಿದರು. ನೀವು ಅವರ ಊಟದ ತಟ್ಟೆಯನ್ನು ಯಾರಿಗೋ ಕೊಟ್ಟುಬಿಟ್ಟಿರಿ.”

ನಿಜ. ಹನ್ನೆರಡನೆಯ ದಿನ ದಾನಕ್ಕೆ ಪಾತ್ರೆ ಸಾಲದೆಂದು, ತಂದೆಯವರು ಮೂವತ್ತು ವರ್ಷ ಉಂಡ ಕಂಚಿನ ತಟ್ಟೆಯನ್ನೂ ಸೇರಿಸಿದ್ದೆವು. ಅವರನ್ನು ಕೇಳಿರಲಿಲ್ಲ. ಅವರೂ ಆ ಮಾತನ್ನು ಅಂದಿನವರೆಗೆ ಎತ್ತಿರಲಿಲ್ಲ.

ಸಂಜೆ ಭರಣಿಯನ್ನು ಒಳಗೆ ತರಲು ಅವರೇ ಹೇಳಿದರು. ಏಲಕ್ಕಿ ಮಾತ್ರ ಬೇರೆ ಡಬ್ಬಿಗೆ ಹೋಯಿತು.