ಮದ್ದಳೆಯ ಊರಿನಲ್ಲಿ ಗೆಜ್ಜೆಯ ದನಿ

ಶಿಕಾರಿಪುರವನ್ನು ಬಿಟ್ಟು ಶಿರಾಳಕೊಪ್ಪದ ದಾರಿ ಹಿಡಿದರೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಬಳ್ಳಿಗಾವೆ ಸಿಗುತ್ತದೆ. ಅಲ್ಲಮಪ್ರಭುಗಳ ಜನ್ಮಸ್ಥಳವೆಂದು ಶರಣಬಂಧುಗಳೆಲ್ಲ ಬಲ್ಲ ಈ ಊರನ್ನು ಕಾಣಬೇಕೆಂಬುದು ನಮ್ಮ ಬಹುದಿನಗಳ ಬಯಕೆಯಾಗಿತ್ತು. ಆದರೆ 2023ರ ಶಿವರಾತ್ರಿಯ ಮರುದಿನ ನಾವು ದಾವಣಗೆರೆಯಿಂದ ಸಕುಟುಂಬರಾಗಿ ಹೊರಟಿದ್ದು ಕ್ಷೇತ್ರದರ್ಶನಕ್ಕಲ್ಲ, ಒಂದು ನೃತ್ಯವನ್ನು ನೋಡಲು. ನಮ್ಮ ಬಂಧುಗಳ ಮನೆಯ ಮಗಳು, ಬೆಂಗಳೂರಿನಲ್ಲಿ ಭರತನಾಟ್ಯವನ್ನೇ ಕಾಯಕವಾಗಿ ಮಾಡಿಕೊಂಡಿರುವಾಕೆ, ಹುಟ್ಟಿದ ಊರಿನಲ್ಲಿ ಮೊದಲ ಬಾರಿಗೆ ಗೆಜ್ಜೆ ಕಟ್ಟುವವಳಿದ್ದಳು.

ಇಷ್ಟು ತಡವಾದುದಕ್ಕೆ ಕಾರಣವುಂಟು. ಆಕೆಯ ಅಜ್ಜನವರು ಎರಡು ಹೊತ್ತಿನ ಲಿಂಗಪೂಜೆಯನ್ನು ಎಂದೂ ತಪ್ಪಿಸದ ಹಿರಿಯರು. "ಕೊರಳಾಗೆ ಲಿಂಗ ಇರೋವಾಗ ಕಾಲಿಗೆ ಗೆಜ್ಜೆ ಯಾಕವ್ವಾ?" ಎಂದು ಮೊಮ್ಮಗಳನ್ನು ಒಮ್ಮೆ ಕೇಳಿದ್ದರಂತೆ, ಅಷ್ಟೆ. ಆಕೆ ಎದುರಾಡಲಿಲ್ಲ, ಕಲಿಕೆಯನ್ನು ಬಿಡಲೂ ಇಲ್ಲ. ಅಂದಿನಿಂದ ಊರಿಗೆ ಬರುವಾಗಲೆಲ್ಲ ಗೆಜ್ಜೆಯ ಪೆಟ್ಟಿಗೆಯನ್ನು ಶಿವಮೊಗ್ಗದ ಸೋದರತ್ತೆಯ ಮನೆಯಲ್ಲಿಟ್ಟು ಬರುತ್ತಿದ್ದಳು. ಈ ಸಲ ಅದನ್ನು ತಾಯಿಯೇ ಹಟ ಹಿಡಿದು ತರಿಸಿದ್ದರು. ಅಜ್ಜನವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಮಧ್ಯಾಹ್ನ ಆಕೆಯೇ ನಮಗೆ ಊರು ತೋರಿಸಿದಳು. ಮೂರು ಗರ್ಭಗುಡಿಗಳ ಕೇದಾರೇಶ್ವರ ದೇವಾಲಯ, ಅದರ ಶಿಖರದ ಮುಂದೆ ಸಿಂಹವನ್ನಿರಿಯುತ್ತಿರುವ ಸಳ, 1047ರಲ್ಲಿ ಬನವಾಸಿಯ ಮಂಡಲಾಧಿಪತಿ ನಿಲ್ಲಿಸಿದ ಗಂಡಭೇರುಂಡದ ಕಂಬ, ಎಲ್ಲವನ್ನೂ ಕಂಡೆವು. ಒಂದು ಕಾಲಕ್ಕೆ ರಾಜಧಾನಿಯಾಗಿ ಮೆರೆದ ಊರು ಈಗ ಸಾಮಾನ್ಯ ಹಳ್ಳಿ. ದನಗಳು ಶಾಸನದ ಕಲ್ಲುಗಳ ಪಕ್ಕದಲ್ಲೇ ಮೆಲುಕು ಹಾಕುತ್ತವೆ.

ಈ ಕೇದಾರೇಶ್ವರಕ್ಕೆ ಸೇರಿದ್ದ ಕೋಡಿಯ ಮಠವು ಕಾಳಾಮುಖ ಯತಿಗಳ ವಿದ್ಯಾಕೇಂದ್ರವಾಗಿತ್ತು. 1162ರ ಶಾಸನವೊಂದು ಅಲ್ಲಿ ಏನೇನು ಕಲಿಸುತ್ತಿದ್ದರೆಂಬುದರ ಜೊತೆಗೆ, ಯಾರು ಯಾರಿಗೆ ಅನ್ನವಿಕ್ಕುತ್ತಿದ್ದರೆಂಬುದನ್ನೂ ಹೇಳುತ್ತದೆ. ದೀನರು, ಕುರುಡರು, ಕಿವುಡರ ಸಾಲಿನಲ್ಲಿಯೇ ಗಾಯಕರು, ವಾದಕರು, ಕೊಳಲು ನುಡಿಸುವವರು, ನರ್ತಕರು ಇದ್ದಾರೆ. ಕುಣಿಯುವವರಿಗೆ ಎಲೆ ಹಾಕುವುದನ್ನು ಕಲ್ಲಿನಲ್ಲಿ ಬರೆಸಿಟ್ಟ ಊರಿದು! ಬೇಲೂರಿನ ಮದನಿಕೆಯರಲ್ಲಿ ಕೆಲವರನ್ನು ಕಡೆದ ದಾಸೋಜನೂ ಆತನ ಮಗ ಚಾವಣನೂ ಇಲ್ಲಿಯವರೇ. ನಾಟ್ಯರಾಣಿ ಶಾಂತಲೆಯ ತವರೂ ಇದೇ ಎಂಬ ಪ್ರತೀತಿಯಿದೆ.

ಇನ್ನು ಪ್ರಭುದೇವರ ಮಾತು. ಹರಿಹರನ ರಗಳೆಯಲ್ಲಿ ಅಲ್ಲಮರು ಮದ್ದಳೆಯಲ್ಲಿ ನಿಪುಣರು. ಕಮಲತೆಯನ್ನು ಪ್ರೀತಿಸಿ, ಆಕೆ ಜ್ವರದಿಂದ ತೀರಿಕೊಂಡಾಗ ಹುಚ್ಚರಂತೆ ಅಲೆದು, ಕೊನೆಗೆ ಅನಿಮಿಷಯ್ಯನ ಕೈಯ ಲಿಂಗವನ್ನು ಪಡೆದವರು. ಚಾಮರಸನಿಗೆ ಇದು ಒಪ್ಪಿಗೆಯಾಗಲಿಲ್ಲ. ಅವನ 'ಪ್ರಭುಲಿಂಗಲೀಲೆ'ಯಲ್ಲಿ ಮಾಯೆ ಸೋಲುತ್ತಾಳೆ, ಪ್ರಭು ಅಂಟದೆ ಉಳಿಯುತ್ತಾರೆ. ಆದರೆ ಅಲ್ಲಿಯೂ ಅವರ ಕೈಯಲ್ಲಿ ಮದ್ದಳೆಯಿದೆ. ನಮಗಂತೂ ಹರಿಹರನ ಅಲ್ಲಮರೇ ಹೆಚ್ಚು ಹತ್ತಿರದವರೆನಿಸುತ್ತದೆ, ಹಿರಿಯರು ಕ್ಷಮಿಸಬೇಕು.

ಆಕೆ ಆರಿಸಿಕೊಂಡಿದ್ದುದೂ ಅದೇ ಪ್ರಸಂಗ. ದೇವಾಲಯವು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಮನೆಯ ಮುಂದಿನ ಬೀದಿಯಲ್ಲಿಯೇ ಚಪ್ಪರ ಹಾಕಿಸಿದ್ದರು. ಹೆಂಗಸರು ಮಕ್ಕಳು ಜಮಖಾನದ ಮೇಲೆ, ಗಂಡಸರು ಎದುರು ಜಗಲಿಗಳ ಮೇಲೆ. ಅಜ್ಜನವರು ಹೊರಗೆ ಬರಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ, ಬೀದಿಗೆ ಬೆನ್ನು ಮಾಡಿ ಕುಳಿತಿದ್ದರು. ಬಾಗಿಲು ಮಾತ್ರ ತೆರೆದಿತ್ತು.

ಆಕೆ ಕಮಲತೆಯಾಗುವಳೆಂದು ಎಣಿಸಿದ್ದೆವು. ಆಕೆ ಅಲ್ಲಮರಾದಳು. ಸೊಂಟಕ್ಕೆ ಕಟ್ಟಿದ ಕಾಣದ ಮದ್ದಳೆಯ ಮೇಲೆ ಬೆರಳುಗಳು ಓಡುತ್ತಿದ್ದರೆ ಪಕ್ಕದಲ್ಲಿ ಮೃದಂಗದವರು ಆ ಬೆರಳುಗಳನ್ನೇ ಹಿಂಬಾಲಿಸುತ್ತಿದ್ದರು. ಕಮಲತೆ ಇಲ್ಲವಾದ ಗಳಿಗೆಯಲ್ಲಿ ಮೃದಂಗದವರು ಕೈ ಎತ್ತಿಬಿಟ್ಟರು. ಸ್ವಲ್ಪ ಹೊತ್ತು ಗೆಜ್ಜೆಯೊಂದೇ ಅಳತೆ ತಪ್ಪಿ ನಡೆಯಿತು. ಆಮೇಲೆ ಅದೂ ನಿಂತಿತು. "ಮುಗೀತಾ ಅವ್ವಾ?" ಎಂದು ಒಂದು ಮಗು ಗಟ್ಟಿಯಾಗಿ ಕೇಳಿತು, ಯಾರೂ ನಗಲಿಲ್ಲ. ಬರಿದಾದ ಆ ಅಂಗೈ ಮೆಲ್ಲನೆ ಎದೆಯ ಮಟ್ಟಕ್ಕೆ ಬಂದು ಲಿಂಗ ಹಿಡಿಯುವ ಅಂಗೈಯಾಯಿತು. ನಮ್ಮ ಪಕ್ಕದಲ್ಲಿದ್ದ ಮುದುಕಿಯೊಬ್ಬರು ತಮ್ಮ ಕೊರಳಿನ ಕರಡಿಗೆಯನ್ನು ಮುಟ್ಟಿಕೊಂಡರು.

ಚಪ್ಪಾಳೆಯ ನಡುವೆ ನಾವು ಪಡಸಾಲೆಯತ್ತ ತಿರುಗಿ ನೋಡಿದೆವು. ಅಜ್ಜನವರು ಅದೇ ಕಂಬಕ್ಕೆ ಒರಗಿದ್ದರು. ಯಾವಾಗ ತಿರುಗಿ ಕುಳಿತರೋ ಕಾಣೆವು, ಮುಖ ಬೀದಿಯ ಕಡೆಗಿತ್ತು.

ಮೊಮ್ಮಗಳು ಬೆವರಿನ ಮುಖದಲ್ಲಿಯೇ ಒಳಗೆ ಬಂದು ಪಾದ ಮುಟ್ಟಿ ಶರಣು ಮಾಡಿದಳು. ಅವರು ನೃತ್ಯದ ಮಾತನ್ನೇ ಎತ್ತಲಿಲ್ಲ. ಅಡುಗೆಮನೆಯ ಕಡೆ ನೋಡಿ, "ಮದ್ದಳೆಯವರದು ಊಟ ಆತೇನು? ಮೊದಲು ಅವರಿಗೆ ಬಡಿಸ್ರಿ," ಎಂದರು. ಅಕ್ಕಿ ರೊಟ್ಟಿ, ಬದನೆಕಾಯಿ ಪಲ್ಯ ಬಂದವು. ಮೊಮ್ಮಗಳ ಎಲೆಯನ್ನು ತಮ್ಮ ಪಕ್ಕದಲ್ಲಿ ಹಾಕಿಸಿದರು.

ಮರುದಿನ ಬೆಳಿಗ್ಗೆ ಅಕ್ಕಮಹಾದೇವಿಯ ಉಡುತಡಿಗೆ ಹೋಗಲೆಂದು ನಾವು ಹೊರಟಾಗ ಗೆಜ್ಜೆಯ ಪೆಟ್ಟಿಗೆ ದೇವರ ಕೋಣೆಯ ಪಕ್ಕದ ಗೂಡಿನಲ್ಲಿತ್ತು.